ತಿರುಗಿ ನೋಡಿದ ಸೈನಿಕ

ಮಾರ್ಚ್ 3, ಸೋಮವಾರ

ಅಲ್ಲ, ನೀನು ಹೇಳುವುದೂ ಸರಿಯೇ. ನಿನ್ನೆ ನಾನು ಫೋನಿನಲ್ಲಿ ಅಷ್ಟು ಕೂಗಾಡಬಾರದಿತ್ತು, ಪಕ್ಕದ ಮನೆಯವರು ಗೋಡೆ ಕುಟ್ಟಿದರು. ಆದರೂ ನೀನೇ ಯೋಚನೆ ಮಾಡು. ಸೇತುವೆ ಕದನ ನಡೆದು ತಲೆಮಾರುಗಳೇ ಕಳೆದವು. ಸತ್ತವರು ಸತ್ತರು, ಅವರ ಎಲುಬೂ ಮಣ್ಣಾಯಿತು. ಈಗ ಯಾರೋ ಇಬ್ಬರು ಹೊಸ ಪುಸ್ತಕ ಬರೆದರೆ ಅಂದು ಬೆಳಿಗ್ಗೆ ಆ ಸೇತುವೆಯ ಮೇಲೆ ನಡೆದದ್ದು ಬದಲಾಗುತ್ತದೆಯೇ? ಪುಸ್ತಕ ಅಚ್ಚಾಯಿತೆಂದು ಹೆಣ ಮಗ್ಗುಲು ಬದಲಿಸುತ್ತದೆಯೇ?

ಇವತ್ತು ಬೆಳಿಗ್ಗೆ ಕ್ಯುರೇಟರ್ ಮನೆಗೇ ಬಂದಿದ್ದ. ಅವನೇ, ನನ್ನ ಕೈಕೆಳಗೆ ಗೈಡ್ ಕೆಲಸ ಕಲಿತು ಈಗ ಮ್ಯೂಸಿಯಮ್ಮಿಗೇ ಯಜಮಾನನಾಗಿ ಕೂತವನು. ತಲೆಯ ಕೂದಲೆಲ್ಲ ಹೋಯಿತು, ‘ಗುರುಗಳೇ’ ಅನ್ನುವುದು ಮಾತ್ರ ಹೋಗಿಲ್ಲ. ಕಂಕುಳಲ್ಲಿ ಎರಡು ಪುಸ್ತಕ.

“ಗುರುಗಳೇ, ನಿನ್ನೆ ನೀವು ಫೋನಿಟ್ಟುಬಿಟ್ರಿ, ಪೂರ್ತಿ ಕೇಳ್ಲೇ ಇಲ್ಲ. ಕಮಿಟಿಯವರು ಕದನದ ಮಾಡೆಲ್ ತೆಗೆದು ಅಲ್ಲಿ ದೊಡ್ಡ ಪರದೆ ಹಾಕ್ಬೇಕು ಅಂತಿದ್ದಾರೆ. ಹೊಸ ಸಂಶೋಧನೆ ಪ್ರಕಾರ ನಮ್ಮ ಮಾಡೆಲ್ಲೇ ತಪ್ಪಂತೆ.”

“ತಪ್ಪು ಅಂದ್ರೆ?”

“ತಪ್ಪು ಅಂದ್ರೆ ತಪ್ಪು. ನನ್ನ ಮೇಲೆ ಕೂಗ್ಬೇಡಿ, ನಾನು ಬರೆದಿದ್ದಲ್ಲ. ಇವನ್ನ ಓದಿ. ಇದರಲ್ಲೆಲ್ಲಾದ್ರೂ ನಮ್ಮ ಮಾಡೆಲ್ ಪರವಾಗಿ ಒಂದು ಸಾಲಿದ್ರೆ ತೋರಿಸಿ, ಕಮಿಟಿ ಮುಂದೆ ಇಡ್ತೀನಿ. ತಿಂಗಳ ಕೊನೆಗೆ ಮೀಟಿಂಗು.”

‘ನಮ್ಮ’ ಮಾಡೆಲ್ ಅಂತೆ. ಅದು ನಿನ್ನದು. ಮದುವೆಯಾದ ಹೊಸದರಲ್ಲಿ ನೀನು ಕಣ್ಣಿಗೆ ಮಸೂರ ಕಟ್ಟಿಕೊಂಡು, ಹೆಬ್ಬೆರಳುದ್ದದ ಒಬ್ಬೊಬ್ಬ ಸೈನಿಕನಿಗೂ ಸಣ್ಣ ಕುಂಚದಲ್ಲಿ ಬಣ್ಣ ಹಾಕಿ, ಒಂದು ಕೋಣೆಯಷ್ಟು ಅಗಲದ ಮೇಜಿನ ಮೇಲೆ ಹೊಳೆ, ಸೇತುವೆ, ಮಂಜು ಎಲ್ಲವನ್ನೂ ಮಾಡಿದೆ. ಅಂಟು ಕಾಯಿಸುವ ಒಲೆ ಭಗ್ಗೆಂದು ನಿನ್ನ ಎಡಹುಬ್ಬಿನ ನಡುವೆ ಸುಟ್ಟಿತು. ಅಲ್ಲಿ ಮತ್ತೆ ಕೂದಲು ಬರಲೇ ಇಲ್ಲ. ಸಾಯುವವರೆಗೂ ಹುಬ್ಬು ಎರಡು ತುಂಡಾಗಿಯೇ ಇತ್ತು. ಅದನ್ನು ತಪ್ಪು ಅನ್ನುತ್ತಾರೆ.

ಸಂಜೆ ಮಗಳು ಔಷಧಿ ಅಂಗಡಿ ಮುಚ್ಚಿಕೊಂಡು ನನ್ನ ಮಾತ್ರೆ ತಂದಳು. ಬಾಗಿಲಲ್ಲೇ ನಿಂತು, “ಅಪ್ಪ, ಯಾರ ಹತ್ರ ಮಾತಾಡ್ತಿದ್ರಿ?” ಅಂದಳು.

“ರೇಡಿಯೋ.”

“ರೇಡಿಯೋ ಕೆಟ್ಟು ಎಷ್ಟು ಕಾಲವಾಯ್ತು!”

“ಅದಕ್ಕೇ ಅದರ ಪಾಲಿನ ಮಾತೂ ನಾನೇ ಆಡ್ಬೇಕು.”

ನಗಲಿಲ್ಲ. “ಅಮ್ಮ ಹೋಗಿ ವರ್ಷವಾಗ್ತಾ ಬಂತು. ಒಳಕೋಣೆ ಖಾಲಿ ಮಾಡೋಣ ಅಪ್ಪ, ಆ ಟರ್ಪೆಂಟೈನ್ ವಾಸನೆ ನಿಮಗೆ ಒಳ್ಳೇದಲ್ಲ.” ಅವಳಿಗೇನು ಗೊತ್ತು. ಹೂಂ ಅಂದು ಕಳಿಸಿದೆ. ನೀನು ಕೋಪ ಮಾಡಿಕೊಳ್ಳಬೇಡ, ಹೂಂ ಅಂದದ್ದು ಬಾಯಿಮಾತಿಗೆ.

ಮಾರ್ಚ್ 5, ಬುಧವಾರ

ದಪ್ಪ ಪುಸ್ತಕ ಹಿಡಿದೆ. ಇಂಗ್ಲಿಷು. ನನ್ನ ಕಾಲೇಜಿನ ಇಂಗ್ಲಿಷಿಗೆ ತುಕ್ಕು ಹಿಡಿದಿದೆ. ತಳ್ಳಿದರೆ ತೆರೆಯುತ್ತದೆ, ಆದರೆ ಕಿರ್ರೆನ್ನುತ್ತದೆ. ಈ ಮಹಾನುಭಾವನಿಗೆ ‘ನೆವರ್‌ದಿಲೆಸ್’ ಎಂಬ ಶಬ್ದದ ಮೇಲೆ ಬಲು ಪ್ರೀತಿ. ಅರ್ಥ ಪೂರ್ತಿ ನೆನಪಿಲ್ಲ, ಆದರೆ ಅದು ಬಂದಾಗಲೆಲ್ಲ ನಮ್ಮದೇನೋ ಒಂದು ಕುಸಿದು ಬೀಳುತ್ತದೆ. ಹಾಡಿನಲ್ಲಿ ಹೀಗೆ ಹೇಳಿದ್ದಾರೆ, ನೆವರ್‌ದಿಲೆಸ್. ಹಳೆಯ ಚಿತ್ರದಲ್ಲಿ ಹೀಗೆ ಬರೆದಿದ್ದಾರೆ, ನೆವರ್‌ದಿಲೆಸ್. ಇಂಥವನನ್ನು ಮದುವೆಯಾದವಳ ಗತಿಯೇನು!

ನಾನು ಹೇಳುತ್ತಿದ್ದ ಕಥೆ ನಿನಗೆ ಬಾಯಿಪಾಠ. ಕೋಟೆ ಬಿದ್ದ ಬೆಳಿಗ್ಗೆ ಊರಿನ ಜನ ಹೊಳೆ ದಾಟಿ ಓಡುತ್ತಾರೆ. ಅವರು ದೂರ ಹೋಗುವವರೆಗೆ ಶತ್ರುವನ್ನು ತಡೆಯಲು ಒಂದು ಸಣ್ಣ ತುಕಡಿ ಸೇತುವೆಯ ಮೇಲೆ ನಿಲ್ಲುತ್ತದೆ. ಮಂಜು ಕರಗುವ ಹೊತ್ತಿಗೆ ತುಕಡಿಯಲ್ಲಿ ಒಬ್ಬನೂ ಉಳಿದಿಲ್ಲ, ಊರು ಉಳಿದಿದೆ. ಮ್ಯೂಸಿಯಮ್ಮಿನ ಬಾಗಿಲ ಕಲ್ಲಿನಲ್ಲಿ ಕೆತ್ತಿದ್ದಾರಲ್ಲ: ‘ಒಬ್ಬನೂ ಹಿಂತಿರುಗಿ ನೋಡಲಿಲ್ಲ.’

ಈ ದಪ್ಪ ಪುಸ್ತಕದವನ ಪ್ರಕಾರ ಹೊಳೆ ಆಗ ಬೇರೆ ಕಡೆ ಹರಿಯುತ್ತಿತ್ತು. ಸೇತುವೆ ಕಟ್ಟಿದ್ದೇ ಕದನ ಮುಗಿದ ಮೇಲೆ. ನೆಲ ಅಗೆದಾಗ ಗುಂಡುಗಳು ಸಿಕ್ಕಿದ್ದು ಮೇಲ್ಗಡೆಯ ಯಾವುದೋ ಹೊಲದಲ್ಲಿ. ಸೇತುವೆಯೇ ಇಲ್ಲದ ಸೇತುವೆ ಕದನ! ಗಂಡೇ ಇಲ್ಲದೆ ಮದುವೆ ಮಾಡಿದ ಹಾಗೆ.

ಹಾಗಾದರೆ ನಿನ್ನ ಸೈನಿಕರು ಎಲ್ಲಿ ನಿಂತಿದ್ದಾರೆ, ಗಾಳಿಯಲ್ಲೇ? ಆ ಒಬ್ಬ, ಸೇತುವೆಯ ತುದಿಯಲ್ಲಿ ಹಿಂದಕ್ಕೆ ಮುಖ ಮಾಡಿಕೊಂಡಿರುವವನು, ಅವನು ಯಾರನ್ನು ನೋಡುತ್ತಿದ್ದಾನೆ? ಬಾಗಿಲ ಕಲ್ಲು ಏನೇ ಹೇಳಲಿ, ನೀನು ಅವನೊಬ್ಬನನ್ನು ತಿರುಗಿಸಿಯೇ ನಿಲ್ಲಿಸಿದೆ. ಉದ್ಘಾಟನೆಯ ದಿನ ಕೇಳಿದ್ದೆ, ಇದೇನೇ ಇದು, ಕಲ್ಲಿಗೂ ನಿನಗೂ ಜಗಳವಾ ಅಂತ. “ನೀವೇ ಹತ್ರ ಬಂದು ನೋಡಿ ಹೇಳಿ” ಅಂದೆ ನೀನು. ಅಷ್ಟರಲ್ಲಿ ದೊಡ್ಡವರ ಕಾರು ಬಂತು, ನಾನು ಕೋಲು ಹಿಡಿದು ಓಡಿದೆ.

ಮಾರ್ಚ್ 8, ಶನಿವಾರ

ಮಧ್ಯಾಹ್ನ ಸ್ವಲ್ಪ ಮಂಪರು. ಒಳಕೋಣೆಯಲ್ಲಿ ಗಾಜಿನ ಲೋಟಕ್ಕೆ ಕುಂಚದ ಹಿಡಿ ತಾಗಿದ ಸದ್ದು. ಟಿಣ್, ಟಿಣ್. ಬಣ್ಣ ಬದಲಿಸುವಾಗ ನೀನು ಹಾಗೆಯೇ ಎರಡು ಸಲ ತಟ್ಟಿ ನೀರು ಉದುರಿಸುತ್ತಿದ್ದೆ. ಎದ್ದು ಹೋದೆ. ಲೋಟ ಮೇಜಿನ ಮೇಲಿತ್ತು, ಒಣಗಿತ್ತು, ತಳದಲ್ಲೊಂದು ನೀಲಿ ಗೆರೆ. ಕುಂಚಗಳು ಇದ್ದಲ್ಲೇ ಇದ್ದವು. ಟರ್ಪೆಂಟೈನಿನ ವಾಸನೆ ಮಾತ್ರ ಈಗ ತಾನೇ ಬಿರಡೆ ತೆಗೆದ ಹಾಗೆ.

ಕೂತೆ. ಆಗ ಕೇಳಿಸಿತು. ಕೇಳಿಸಿತು ಅಂದರೆ ಕಿವಿಗೋ, ತಲೆಗೋ, ಹೇಳಲಾರೆ.

“ರೀ, ನೋಡಿದ್ರಾ?”

ಆಸ್ಪತ್ರೆಯಲ್ಲಿ ನೀನು ಕೊನೆಗೆ ಕೇಳಿದ್ದು ಅದನ್ನೇ. ಮೂಗಿನಲ್ಲಿ ಕೊಳವೆ, ಕಣ್ಣು ಮಾತ್ರ ತಿಳಿಯಾಗಿತ್ತು. ಏನನ್ನು ಅಂತ ನಾನು ಕೇಳಲಿಲ್ಲ. ಕಾಯಿಲೆಯವರ ಹತ್ತಿರ ಎಲ್ಲರೂ ಅನ್ನುವ ಹಾಗೆ “ನೋಡಿದೆ, ನೋಡಿದೆ” ಅಂದೆ. ನೀನು ಸಣ್ಣಗೆ ನಕ್ಕೆ. “ಸುಳ್ಳು” ಅಂದೆ. ಆಮೇಲೆ ಮಾತಿಲ್ಲ.

ಏನನ್ನು ನೋಡಬೇಕಿತ್ತು? ಬೀರು ಹುಡುಕಿದ್ದೇನೆ, ನಿನ್ನ ಪೆಟ್ಟಿಗೆ ಹುಡುಕಿದ್ದೇನೆ, ಹಾಸಿಗೆ ಎತ್ತಿ ನೋಡಿದ್ದೇನೆ. ಏನೂ ಇಲ್ಲ. ಒಂದು ಸಲ ಹೇಳಿಬಿಡು ಅತ್ಲಾಗೆ.

ಮಾರ್ಚ್ 9

ಏನೂ ಓದಲಿಲ್ಲ. ಲೋಟ ತೊಳೆದು ಬೋರಲು ಹಾಕಿದೆ. ಸಂಜೆ ಮತ್ತೆ ಟಿಣ್ ಅಂದಿತು.

ಮಾರ್ಚ್ 14, ಶುಕ್ರವಾರ

ಗೆದ್ದೆವು!

ಎರಡನೇ ಪುಸ್ತಕ ತೆಳ್ಳಗಿದೆ, ಬರೆದವಳು ಹೆಂಗಸು, ನನಗೆ ಅರ್ಥವಾಗುವ ಭಾಷೆಯಲ್ಲಿದೆ. ಇವಳು ದಪ್ಪ ಪುಸ್ತಕದವನ ನೆವರ್‌ದಿಲೆಸ್ಸಿಗೆ ತನ್ನದೇ ನೆವರ್‌ದಿಲೆಸ್ ಹಾಕಿದ್ದಾಳೆ. ಈಗಿನ ಸೇತುವೆಯ ಅಡಿಯಲ್ಲಿ ಇನ್ನೂ ಹಳೆಯದೊಂದು ಸೇತುವೆಯ ಬುಡ ಸಿಕ್ಕಿದೆಯಂತೆ. ತುಕಡಿ ಅಲ್ಲೇ ನಿಂತಿತ್ತಂತೆ. ಹಾಗೆ ಬಾ ದಾರಿಗೆ ಅಂದುಕೊಂಡೆ.

ಆದರೆ ಇವಳು ಇನ್ನೊಂದು ಹೇಳುತ್ತಾಳೆ. ಅವರು ಸಾಯಲೆಂದು ನಿಂತವರಲ್ಲವಂತೆ. ಜನ ದಾಟಿದ ಕೂಡಲೇ ತುಕಡಿ ವಾಪಸ್ಸು ಬರಬೇಕೆಂದು ಸೇನಾಪತಿ ಆದೇಶ ಕಳಿಸಿದ್ದ, ಅದನ್ನು ತರುತ್ತಿದ್ದವನು ದಾರಿಯಲ್ಲೇ ಎಲ್ಲೋ ಉಳಿದುಬಿಟ್ಟ. ‘ಅವರು ವೀರಮರಣಕ್ಕಾಗಿ ನಿಂತಿರಲಿಲ್ಲ, ಕರೆಯುವ ಒಂದು ಮಾತಿಗಾಗಿ ಕಾಯುತ್ತಿದ್ದರು.’ ಮೂವತ್ತು ವರ್ಷ ಅವರನ್ನು ದಿನಕ್ಕೆ ನಾಲ್ಕು ಸಲ ಸಾಯಿಸಿದವನು ನಾನು. ಅವರಿಗೆ ಮನೆಗೆ ಹೋಗುವ ಆಸೆ ಇದ್ದೀತೆಂದು ಒಂದು ದಿನವೂ ಹೊಳೆದಿರಲಿಲ್ಲ.

ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ಫುಟ್‌ನೋಟು ಅಂದರೆ ಪಾದದ ಧೂಳು ಅಂದುಕೊಂಡು ಬಿಟ್ಟು ಹೋಗುವವನಿದ್ದೆ. ನಿನ್ನ ಮಸೂರ ತಂದು ಹಿಡಿದೆ. ‘ಈ ನಿರೀಕ್ಷೆಯ ನೆನಪು ಸ್ಥಳೀಯ ಐತಿಹ್ಯದಲ್ಲಿಯೂ ಉಳಿದಿದೆ. ಮ್ಯೂಸಿಯಮ್ಮಿನ ಮಾದರಿಯಲ್ಲಿ ಒಬ್ಬ ಸೈನಿಕ ಹಿಂತಿರುಗಿ ನೋಡುತ್ತಿದ್ದಾನೆ. ವಾಪಸ್ಸು ಬನ್ನಿ ಎಂದು ಯಾರಾದರೂ ಕರೆಯುತ್ತಾರೆಯೇ ಎಂದು ನೋಡುತ್ತಿದ್ದಾನೆ ಎಂಬುದು ಅಲ್ಲಿ ಪರಂಪರೆಯಾಗಿ ಬಂದ ಮಾತು.’

ಕ್ಯುರೇಟರಿಗೆ ಫೋನಿನಲ್ಲೇ ಓದಿ ಹೇಳಿದೆ. ಕುಣಿದಾಡಿದ. “ಸಾಕು ಗುರುಗಳೇ! ಐತಿಹ್ಯಕ್ಕೆ ಉಳಿದಿರೋ ಒಂದೇ ಗುರುತು ನಮ್ಮ ಮಾಡೆಲ್ಲು. ಇನ್ಯಾವ ಕಮಿಟಿ ಮುಟ್ಟುತ್ತೆ ನೋಡ್ತೀನಿ. ಆ ಪುಸ್ತಕದಮ್ಮ ಮುಂದಿನ ಶನಿವಾರ ಭಾಷಣಕ್ಕೆ ಬರ್ತಿದ್ದಾರೆ. ನೀವೂ ಬನ್ನಿ, ಹೌದು, ಹಿಂದಿನಿಂದ ಬಂದ ಮಾತೇ ಅಂತ ಒಂದು ಮಾತು ಹೇಳಿಬಿಡಿ.”

ಕೇಳಿದೆಯಾ? ನೀನು ಉಳಿದೆ.

ಮಾರ್ಚ್ 15

ನಿದ್ದೆ ಇಲ್ಲ. ಆ ಫುಟ್‌ನೋಟಿನ ಮಾತು ಎಲ್ಲೋ ಕೇಳಿದ ಹಾಗಿದೆ, ಎಲ್ಲೋ ಕೇಳಿದ ಹಾಗಿದೆ ಅಂದುಕೊಳ್ಳುತ್ತಿದ್ದೆ. ಹಲ್ಲುಜ್ಜುವಾಗ ನೆನಪಾಯಿತು. ಅದು ನನ್ನ ಬಾಯಿಂದಲೇ ಬಂದದ್ದು.

ನನ್ನ ಕಸುಬಿನ ಹೆಚ್ಚುಗಾರಿಕೆ ನಿನಗೆ ಗೊತ್ತಲ್ಲ. ಮಾಡೆಲ್ಲಿನ ಮುಂದೆ ಮರದ ಹಲಗೆ, ಅದರ ಮೇಲೆ ನಾನು, ಮುಖ ಜನರ ಕಡೆ, ಬೆನ್ನು ಮಾಡೆಲ್ಲಿನ ಕಡೆ. ಹೆಗಲ ಮೇಲಿಂದ ಕೋಲು ಹಿಂದಕ್ಕೆ ಚಾಚಿ, ತಿರುಗಿ ನೋಡದೆ, ಸೇತುವೆ ಅಂದರೆ ಸೇತುವೆ, ಕೋಟೆ ಅಂದರೆ ಕೋಟೆ, ಕೂದಲೆಳೆಯಷ್ಟೂ ತಪ್ಪದೆ ತೋರಿಸುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ತಿರುಗಿ ನೋಡುವವನು ಗೈಡೇ ಅಲ್ಲ ಎಂದು ಶಿಷ್ಯರಿಗೂ ಕಲಿಸಿದೆ. ಗಿರಾಕಿಯ ಮುಖ ನೋಡಬೇಕು. ಬೊಂಬೆ ಎಲ್ಲಿಗೂ ಓಡಿಹೋಗುವುದಿಲ್ಲ.

ಒಂದು ದಿನ ಶಾಲೆಯ ಮಕ್ಕಳು ಬಂದಿದ್ದರು. ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡ ಒಂದು ಹುಡುಗಿ, ಅವನ್ಯಾಕೆ ಹಿಂದೆ ನೋಡ್ತಿದ್ದಾನೆ ಅಂತ ಕೇಳಿತು. ಎಲ್ಲರೂ ಕೇಳುವ ಪ್ರಶ್ನೆಯೇ, ದಿನಕ್ಕೊಂದು ಉತ್ತರ ಕೊಡುತ್ತಿದ್ದೆ. ಅಮ್ಮನ ನೆನಪಾಗಿದೆ, ಚಪ್ಪಲಿ ಬಿಟ್ಟು ಬಂದಿದ್ದಾನೆ, ಏನಾದರೊಂದು. ಅವತ್ತು ಬಾಯಿಗೆ ಬಂದದ್ದು, “ವಾಪಸ್ ಬನ್ನಿ ಅಂತ ಯಾರಾದ್ರೂ ಕರೀತಾರಾ ಅಂತ ನೋಡ್ತಿದ್ದಾನಮ್ಮ” ಎಂದು. ಮಕ್ಕಳೆಲ್ಲ ನಕ್ಕರು. ಅದೊಂದು ನಗಲಿಲ್ಲ.

ಇದೇ ಐತಿಹ್ಯ. ಇದೇ ಪರಂಪರೆ. ಪ್ರೈಮರಿ ಸೋರ್ಸ್ ಅಂದರೆ ಮಧ್ಯಾಹ್ನ ಊಟ ತಡವಾಗಿದ್ದ ಒಬ್ಬ ಗೈಡು!

ಸುಮ್ಮನಿದ್ದರೆ ಮಾಡೆಲ್ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಏನು ಮಾಡಲಿ, ಹೇಳು. ಇವತ್ತು ಒಳಕೋಣೆಯಲ್ಲಿ ಸದ್ದೇ ಇಲ್ಲ.

ಮಾರ್ಚ್ 20, ಗುರುವಾರ

ಆ ಸದ್ದು ನಿಂತಾಗಿನಿಂದ ‘ನೀನು’ ಅಂತ ಬರೆಯಲು ಕೈ ಬರುತ್ತಿಲ್ಲ. ಮಗಳು ಬಂದು ಒಳಕೋಣೆಯ ಕಿಟಕಿ ತೆರೆದಳು. ಬೇಡ ಅನ್ನಲು ಮರೆತೆ. ಅವಳ ಅಮ್ಮನ ಮಸೂರ ನನ್ನ ಮೇಜಿನ ಮೇಲೆ ಕಂಡು, “ಇದನ್ನ ನೀವು ಮುಟ್ಟಿದ್ದೇ ನೋಡಿರ್ಲಿಲ್ಲ” ಅಂದಳು. ಆಸ್ಪತ್ರೆಯಲ್ಲಿ ಅಮ್ಮ ಏನನ್ನು ‘ನೋಡಿದ್ರಾ’ ಅಂದಿದ್ದಳು, ನಿನಗೇನಾದರೂ ಹೇಳಿದ್ದಳೇ ಎಂದು ಮಗಳನ್ನು ಕೇಳಿದೆ. ಇಲ್ಲವಂತೆ. “ಅಮ್ಮ ಹೇಳೋರಲ್ಲಪ್ಪ, ಮಾಡೋರು” ಅಂದಳು.

ಹೌದು. ಮಾತೆಲ್ಲ ನನ್ನ ಪಾಲಿಗೆ ಬಿಟ್ಟಿದ್ದಳು. ಪ್ರತಿ ಸೋಮವಾರ ರಜೆಯ ದಿನ ಬೊಂಬೆಗಳ ಧೂಳು ಒರೆಸಲು ಮ್ಯೂಸಿಯಮ್ಮಿಗೆ ಹೋಗುತ್ತಿದ್ದಳು, ಕಾಲು ನೋವು ಬಂದ ಮೇಲೂ. ನಾನು ರಜೆ ಅಂದರೆ ರಜೆ ಅಂತ ಮನೆಯಲ್ಲಿ ಮಲಗುತ್ತಿದ್ದೆ.

ಮಾರ್ಚ್ 22, ಶನಿವಾರ

ಹೇಳಿಬಿಟ್ಟೆ.

ಭಾಷಣ ಮುಗಿದು ಜನ ಚಹಾದ ಕಡೆ ನುಗ್ಗಿದಾಗ ಪುಸ್ತಕದಮ್ಮ ನೇರ ನನ್ನ ಹತ್ತಿರ ಬಂದಳು. ಅದೇ ಹುಡುಗಿ, ಕನ್ನಡಕದ ಕಾಲಿಗೆ ಈಗ ದಾರವಿಲ್ಲ. “ಗೈಡ್ ಮಾಮ! ನೀವೇ ಅಲ್ವಾ?” ಕ್ಯುರೇಟರ್ ಪಕ್ಕದಲ್ಲೇ ನಿಂತು ಮೊಣಕೈಯಲ್ಲಿ ತಿವಿದ. “ಹೇಳಿ ಗುರುಗಳೇ, ಹಿಂದಿನಿಂದ ಬಂದ ಮಾತು ಅಂತ.”

ಬಾಯಿ ತೆರೆದೆ. ಹೌದು ಅನ್ನಲೆಂದೇ ತೆರೆದೆ. ಆಗ ಆಸ್ಪತ್ರೆಯ ಆ ‘ಸುಳ್ಳು’ ಕಿವಿಗೆ ಬಂತು. ಕಾಣದ್ದನ್ನು ಕಂಡೆ ಎಂದು ಒಂದು ಸಲ ಹೇಳಿ ಒಂದು ವರ್ಷದಿಂದ ಅನುಭವಿಸುತ್ತಿದ್ದೇನೆ.

“ಹಿಂದಿನಿಂದ ಏನೂ ಬಂದಿಲ್ಲಮ್ಮ. ಅವತ್ತು ನಾನೇ ಹುಟ್ಟಿಸಿ ಹೇಳಿದ್ದು. ಹಸಿವಾಗಿತ್ತು.”

ಕ್ಯುರೇಟರ್ ಚಹಾ ಲೋಟ ಹಿಡಿದುಕೊಂಡೇ ಕಲ್ಲಾದ. ಅವಳು ಜೋರಾಗಿ ನಕ್ಕಳು.

“ಅಯ್ಯೋ ಮಾಮ! ಆ ಒಂದು ಮಾತು ತಲೇಲಿ ಕೂತಿದ್ದಕ್ಕೇ ನಾನು ಆ ಆದೇಶ ಇದೆಯಾ ಅಂತ ಹುಡುಕೋಕೆ ಶುರು ಮಾಡಿದ್ದು. ಹುಡುಕಿದ್ರೆ ನಿಜವಾಗ್ಲೂ ಸಿಕ್ತು.”

“ಹಾಗಾದ್ರೆ ನಿನ್ನ ಪುಸ್ತಕ ಬೀಳಲ್ವಾ?”

“ಪುಸ್ತಕ ಬೀಳಲ್ಲ. ಫುಟ್‌ನೋಟ್ ಬೀಳುತ್ತೆ. ನಾನೇ ಕಮಿಟಿಗೆ ಹೇಳ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ.” ಆಮೇಲೆ ತಲೆ ಓರೆ ಮಾಡಿ, ಆ ಹುಡುಗಿಯ ಹಾಗೆಯೇ, “ಅದ್ಸರಿ, ಮಾಡಿದೋರು ಅವನನ್ನ ಯಾಕೆ ತಿರುಗಿಸಿಟ್ರು?” ಅಂದಳು.

“ನನ್ನ ಹೆಂಡತಿ. ಹೋಗಿಬಿಟ್ಟಳು. ಕೇಳೋದಕ್ಕೆ ಆಗಲಿಲ್ಲ.”

“ಸತ್ತೋರನ್ನ ಕೇಳೋದೇ ನಮ್ಮ ಕೆಲಸ ಮಾಮ. ಅವರು ನಿಂತಲ್ಲೇ ನಿಂತು, ಅಲ್ಲಿಂದ ಅವರಿಗೆ ಏನು ಕಾಣಿಸ್ತಿತ್ತು ಅಂತ ನೋಡ್ತೀವಿ. ಅವನು ಏನು ನೋಡ್ತಿದ್ದಾನೆ ಅಂತ ನೀವು ಬಗ್ಗಿ ನೋಡಿದ್ರಾ?”

ಚಹಾ ಕುಡಿಯದೆ ಬಂದೆ.

ಮಾರ್ಚ್ 29

ಮೀಟಿಂಗ್ ಆಯಿತು. ಫುಟ್‌ನೋಟು ಹೋಯಿತು, ಮಾಡೆಲ್ಲೂ ಹೋಗುತ್ತದೆ. “ನಿಮ್ಮ ಬಾಯಿಗೊಂದು ಬೀಗ ಹಾಕಿದ್ರೆ ಆಗ್ತಿತ್ತು ಗುರುಗಳೇ” ಎಂದು ಕ್ಯುರೇಟರ್ ಫೋನಿನಲ್ಲಿ ಅತ್ತೇಬಿಟ್ಟ, ಪಾಪ. ಮಂಗಳವಾರ ಬಿಚ್ಚುತ್ತಾರಂತೆ. ಬೇಕಾದರೆ ಸೋಮವಾರ ಬಂದು ಒಮ್ಮೆ ನೋಡಿಕೊಂಡು ಹೋಗಿ ಅಂದ.

ಮಾರ್ಚ್ 31, ಸೋಮವಾರ

ಇದನ್ನು ಮ್ಯೂಸಿಯಮ್ಮಿನಲ್ಲೇ ಕೂತು ಬರೆಯುತ್ತಿದ್ದೇನೆ. ರಜೆ, ಒಳಗೆ ಯಾರೂ ಇಲ್ಲ. ದೀಪದ ವೈರುಗಳನ್ನು ಆಗಲೇ ಕಿತ್ತಿದ್ದಾರೆ. ಪಶ್ಚಿಮದ ಕಿಟಕಿಯೊಂದೇ ಗತಿ. ಕ್ಯುರೇಟರ್ ಗಾಜಿನ ಮುಚ್ಚಳ ತೆಗೆಸಿಕೊಟ್ಟು, ಹೊರಗೆ ಕೀಲಿಗೊಂಚಲು ಆಡಿಸುತ್ತಾ ನಿಂತಿದ್ದಾನೆ.

ಮೊದಲು ಅಭ್ಯಾಸಬಲದಿಂದ ಹಲಗೆ ಹತ್ತಿ ಮಾಡೆಲ್ಲಿಗೆ ಬೆನ್ನು ಹಾಕಿಯೇ ನಿಂತೆ. ಖಾಲಿ ಹಾಲ್ ನೋಡಿ ನಗು ಬಂತು. ಆಮೇಲೆ ಇಳಿದು, ಮಾಡೆಲ್ಲಿನ ಕಡೆ ತಿರುಗಿ, ಅವಳ ಮಸೂರ ಕಣ್ಣಿಗೆ ಕಟ್ಟಿಕೊಂಡು, ಮಂಡಿಯೂರಿ ಗಲ್ಲವನ್ನು ಮೇಜಿನ ಅಂಚಿಗೆ ಇಟ್ಟೆ.

ಸೀಯಿಂಗ್ ಈಸ್ ಬಿಲೀವಿಂಗ್ ಅಂತಲೋ ಬಿಲೀವಿಂಗ್ ಈಸ್ ಸೀಯಿಂಗ್ ಅಂತಲೋ ಒಂದು ಮಾತಿತ್ತು ಕಾಲೇಜಿನಲ್ಲಿ. ಕಾಣುವುದು ಮೊದಲೋ ನಂಬುವುದು ಮೊದಲೋ ಎನ್ನುವುದು ಪರೀಕ್ಷೆಯಲ್ಲೂ ತಪ್ಪಿತ್ತು.

ಮಿಕ್ಕ ಸೈನಿಕರಿಗೆ ಕಣ್ಣೆಂದರೆ ಎರಡು ಚುಕ್ಕಿ, ಬಾಯೆಂದರೆ ಒಂದು ಗೆರೆ. ಹಿಂತಿರುಗಿ ನಿಂತ ಇವನಿಗೆ ಪೂರ್ತಿ ಮುಖವಿದೆ. ಶಿರಸ್ತ್ರಾಣದ ಕೆಳಗೆ ಎಡಹುಬ್ಬು ನಡುವೆ ತುಂಡಾಗಿದೆ. ಬಾಯಿ ಒಂದಿಷ್ಟು ತೆರೆದು ಅಗಲವಾಗಿದೆ, ‘ರೀ’ ಅನ್ನುವಾಗ ಆಗುವ ಹಾಗೆ.

ಅವಳು ಎಲ್ಲಿ ನೋಡುತ್ತಿದ್ದಾಳೆಂದು ಮಂಡಿಯಲ್ಲೇ ಬದಿಗೆ ಸರಿದು ಅವಳ ಕಿವಿಯ ಪಕ್ಕ ಕಣ್ಣಿಟ್ಟು ನೋಡಿದೆ. ಆ ನೋಟದ ದಾರಿಯಲ್ಲಿ ಊರೂ ಇಲ್ಲ, ಕೋಟೆಯೂ ಇಲ್ಲ. ನೇರ ಎದುರಿಗೆ ನನ್ನ ಹಲಗೆ. ನಾನು ನಿಂತು ನಿಂತು ಸವೆದ ಎರಡು ಗುಂಡಿ.

ದಿನಕ್ಕೆ ನಾಲ್ಕು ಸಲ, ನನ್ನ ಬೆನ್ನು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಮಂಡಿ ಹಿಡಿದುಕೊಂಡಿತು. ಎದ್ದು ಹಲಗೆಯ ಮೇಲೆ ಹೋಗಿ ಕೂತೆ, ಈ ಸಲ ಅವಳ ಕಡೆ ಮುಖ ಮಾಡಿ. ಮೂವತ್ತು ವರ್ಷದ ಹಿಂದೆ ಬಾಯಿಗೆ ಬಂದಂತೆ ಹುಟ್ಟಿಸಿದ ಮಾತು ನೆನಪಾಯಿತು. ಯಾರಾದರೂ ಕರೆಯುತ್ತಾರಾ ಅಂತ.

“ನೋಡಿದೆ ಕಣೇ” ಅಂದೆ. ಖಾಲಿ ಹಾಲಿನಲ್ಲಿ ದೊಡ್ಡದಾಗಿ ಕೇಳಿಸಿತು. “ಸಾಕು ನಿಂತಿದ್ದು. ಬಾ, ಮನೆಗೆ ಹೋಗೋಣ.”

ಕೀಲಿಗೊಂಚಲಿನ ಸದ್ದು ನಿಂತಿತು. ಕ್ಯುರೇಟರ್ ಇಣುಕಿದ. “ಗುರುಗಳೇ, ಯಾರ ಹತ್ರ ಮಾತಾಡ್ತಿದ್ದೀರಿ?”

“ನನ್ನ ಹೆಂಡತಿ ಹತ್ರ.”

ಅವನು ತಲೆಯಾಡಿಸಿ ಮತ್ತೆ ಹೊರಗೆ ಹೋಗಿ ನಿಂತ.

ತನ್ನನ್ನು ಅವಳು ಅಂಟಿಸಿರಲಿಲ್ಲ. ಸಣ್ಣದೊಂದು ಮೊಳೆಯ ಮೇಲೆ ಸುಮ್ಮನೆ ಸಿಕ್ಕಿಸಿದ್ದಳು. ಎತ್ತಿದರೆ ಕೈಗೆ ಬಂತು. ಈಗ ಈ ಪುಟದ ಮೇಲುತುದಿಯಲ್ಲಿ ನಿಲ್ಲಿಸಿಕೊಂಡಿದ್ದೇನೆ. ನಾನು ಬರೆಯುವುದನ್ನು ನೋಡುತ್ತಿದ್ದಾಳೆ. ಹುಬ್ಬು ಕಾಣುತ್ತಿದೆ, ಬಾಯಿ ಆಗಲೇ ಮಸುಕಾಯಿತು. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಗೆರೆಯ ಮೇಲೆ ಬರೆಯುತ್ತಿದ್ದೇನೋ ಇಲ್ಲವೋ